ನಾಲ್ಕನೇ ಮಹಡಿಯ ಕಾಗದ

ಆಸ್ಪತ್ರೆಯ ಎರಡನೇ ನಂಬರಿನ ಲಿಫ್ಟನ್ನು ಎಲ್ಲರೂ ಸ್ಪ್ಯಾನರ್ ಎಂದೇ ಕರೆಯುವ ಮೆಕ್ಯಾನಿಕ್ ಒಮ್ಮೆ ಎಷ್ಟು ಚೆನ್ನಾಗಿ ರಿಪೇರಿ ಮಾಡಿದಳೆಂದರೆ, ಅದು ಏಳನೇ ಮಹಡಿಯಲ್ಲಿ ನಿಲ್ಲಲು ಮನಸ್ಸಾಗದೆ, ತಾರಸಿ ಸೀಳಿಕೊಂಡು ಮೋಡದವರೆಗೆ ಹೋಗಿ, ಒಳಗಿದ್ದ ಮುದುಕಿಯ ಛತ್ರಿಯನ್ನು ಒದ್ದೆ ಮಾಡಿಸಿಕೊಂಡು, ಒಂದು ತಿರುಪೂ ಸಡಿಲವಾಗದೆ ವಾಪಸು ಬಂತು. ನಂಬಿಕೆ ಬಾರದವರು ಆ ಮುದುಕಿಯನ್ನೇ ಕೇಳಬಹುದಿತ್ತು. ಆದರೆ ಆಕೆ ಮೊನ್ನೆ ತಾನೇ, ನೂರಾ ನಲವತ್ತೊಂದನೇ ವಯಸ್ಸಿನಲ್ಲಿ, ಅಕಾಲ ಮರಣಕ್ಕೆ ತುತ್ತಾದಳು. ಛತ್ರಿ ಇನ್ನೂ ಒಣಗಿಲ್ಲವಂತೆ.

ಇಂಥ ಸ್ಪ್ಯಾನರ್‌ಗೆ ಅದೇ ಆಸ್ಪತ್ರೆಯಲ್ಲಿ ಒಂದೇ ಒಂದು ಹಾಳೆ ಕಾಗದ ಪಡೆಯಲು ಹನ್ನೊಂದು ತಿಂಗಳು ಹಿಡಿಯಿತು.

ಕಾಗದ ಯಾವುದೆಂದು ಮೊದಲೇ ಹೇಳಿಬಿಡುತ್ತೇನೆ. ಸ್ಪ್ಯಾನರ್ ಹುಟ್ಟಿದಾಗ ಗಂಡು ಮಗು ಎಂದು ಬರೆದುಕೊಂಡರು. ಏಳನೇ ವಯಸ್ಸಿಗೇ ಅವಳಿಗೆ ಅದು ತಪ್ಪು ಎಂದು ಗೊತ್ತಾಯಿತು. ಆದರೆ ಯಾವ ಡಾಕ್ಟರಿಗೆ ಹೇಳಬೇಕೆಂದು ಗೊತ್ತಾಗಲು ಮೂವತ್ತೊಂದು ವರ್ಷ ಬೇಕಾಯಿತು. ಕೊನೆಗೊಂದು ದಿನ ಧೈರ್ಯ ಮಾಡಿ ಎರಡನೇ ಮಹಡಿಯ ಹಾರ್ಮೋನ್ ಡಾಕ್ಟರ ಮುಂದೆ ಹೋಗಿ ಕೂತಳು. ಆಯಮ್ಮ ಒಳ್ಳೆಯವರು. ಎಲ್ಲ ಕೇಳಿಸಿಕೊಂಡು, "ನಾಲ್ಕನೇ ಮಹಡೀಲಿ ಮನೋವೈದ್ಯರಿದ್ದಾರೆ. ಇದು ಜೆಂಡರ್ ಡಿಸ್ಫೋರಿಯಾ, ಅಂದ್ರೆ ಮೈ ಹೇಳೋದೇ ಬೇರೆ ಮನಸ್ಸು ಹೇಳೋದೇ ಬೇರೆ ಅನ್ನೋ ಸಂಕಟ, ಔಷಧಿ ಶುರು ಮಾಡಬಹುದು ಅಂತ ಅವರ ಕೈಲಿ ಒಂದು ಕಾಗದ ಬರೆಸಿಕೊಂಡು ಬನ್ನಿ. ಅವತ್ತೇ ಶುರು ಮಾಡ್ತೀನಿ" ಎಂದರು. ಎರಡನೇ ಮಹಡಿಯಿಂದ ನಾಲ್ಕನೇ ಮಹಡಿಗೆ ಲಿಫ್ಟಿನಲ್ಲಿ ಹನ್ನೊಂದು ಸೆಕೆಂಡು. ಇದನ್ನು ಸ್ಪ್ಯಾನರೇ ಅಳೆದಿದ್ದಳು.

ಅವಳು ಅಂತಲೇ ಬರೆಯುತ್ತಿದ್ದೇನೆ. ಆಗ ಎಲ್ಲರೂ ಅವನು ಅನ್ನುತ್ತಿದ್ದರು, ಲೋ ಅನ್ನುತ್ತಿದ್ದರು, ತಮ್ಮಾ ಅನ್ನುತ್ತಿದ್ದರು. ಅವಳು ಮೊದಲಿನಿಂದಲೂ ಅವಳೇ. ನೋಡುವವರ ಕಣ್ಣು ತಡವಾಗಿ ಬಂದರೆ ಅದಕ್ಕೆ ಅವಳೇನು ಮಾಡಲಾದೀತು?

ಆಸ್ಪತ್ರೆಗೆ ನಾಲ್ಕು ಲಿಫ್ಟು, ನಾಲ್ಕಕ್ಕೂ ವಯಸ್ಸಾಗಿತ್ತು. ದಿನಕ್ಕೊಂದು ಮುನಿಸಿಕೊಳ್ಳುತ್ತಿತ್ತು. ಹಾಗಾಗಿ ಲಿಫ್ಟ್ ಕಂಪನಿಯವರು ಇಬ್ಬರು ಮೆಕ್ಯಾನಿಕ್‌ಗಳನ್ನು ಅಲ್ಲಿಯೇ ಬಿಟ್ಟಿದ್ದರು. ನೆಲಮಾಳಿಗೆಯಲ್ಲಿ ಪಂಪಿನ ಪಕ್ಕ ಅವರಿಗೊಂದು ಕೋಣೆ. ಗ್ರೀಸಿನ ಡಬ್ಬ, ಹಳೆಯ ತಂತಿಹಗ್ಗದ ಸುರುಳಿ, ಎರಡು ಕುರ್ಚಿ. ಒಂದು ಕುರ್ಚಿ ಸ್ಪ್ಯಾನರ್‌ದು. ಇನ್ನೊಂದು, ಅವಳಿಗೆ ಒಂಬತ್ತು ವರ್ಷ ಕೆಲಸ ಕಲಿಸಿದ ಹಿರಿಯ ಮೆಕ್ಯಾನಿಕ್‌ದು. ಎಲ್ಲರೂ ಅವನನ್ನು ಗುರು ಎನ್ನುತ್ತಿದ್ದರು. ಈ ಗುರುವಿನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋದರೆ ನನಗೆ ಪಾಪ ಸುತ್ತಿಕೊಳ್ಳುತ್ತದೆ. ಆರೂಕಾಲು ಅಡಿ ಎತ್ತರ, ಕಂಚಿನ ಕಂಠ, ಚಿನ್ನದಂಥ ಗುಣ. ಒಮ್ಮೆ ಹಗ್ಗ ತುಂಡಾದಾಗ ಎಂಟು ಜನರಿದ್ದ ಲಿಫ್ಟನ್ನು ಹಲ್ಲಿನಲ್ಲೇ ಕಚ್ಚಿ ಹಿಡಿದು, ಅದೇ ಬಾಯಲ್ಲಿ ಬೀಡಿ ಸೇದಿದವನು.

ಇರಲಿ, ಸ್ಪ್ಯಾನರ್ ವಿಷಯಕ್ಕೆ ಬರೋಣ.

ಮೊದಲ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಾಲ್ಕನೇ ಮಹಡಿಗೆ ಹೋದಳು. ಟೋಕನ್ ನಲವತ್ತೇಳು. ಬೆಂಚಿನ ತುದಿಯಲ್ಲಿ ಕೂರುವಷ್ಟರಲ್ಲಿ ಮೇಜಿನ ಹಿಂದಿದ್ದ ನರ್ಸ್ ಕಣ್ಣು ಬಿತ್ತು.

"ಬಂದ್ಯಾ? ಮೂರನೇ ಲಿಫ್ಟಿನ ಬಾಗಿಲು ಕಚ್ಚಿಕೊಂಡಿದೆ ನೋಡೋ. ಬೆಳಿಗ್ಗೆಯಿಂದ ಸ್ಟ್ರೆಚರ್‌ನ ಮೆಟ್ಟಿಲಲ್ಲೇ ಹೊರ್ತಿದ್ದಾರೆ."

"ಇವತ್ತು ನಂಗೆ ರಜೆ, ಸಿಸ್ಟರ್. ಡಾಕ್ಟರ್‌ನ ನೋಡೋಕೆ ಬಂದೆ."

"ಡಾಕ್ಟರ್ ರೂಮಲ್ಲಿ ಲಿಫ್ಟ್ ಎಲ್ಲಿದ್ಯೋ?"

"ಪೇಷೆಂಟಾಗಿ ಬಂದಿದ್ದೀನಿ."

ನರ್ಸ್ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಗುಂಡುಕಲ್ಲಿನ ಥರ ಇದ್ದೀಯ. ಮೊದಲು ಬಾಗಿಲು ನೋಡು, ಆಮೇಲೆ ಪೇಷೆಂಟಾಗು."

ಅಷ್ಟರಲ್ಲಿ ಮೆಟ್ಟಿಲ ಮೇಲೆ ನಾಲ್ಕು ಜನ ಏದುಸಿರು ಬಿಡುತ್ತ ಒಬ್ಬ ಗರ್ಭಿಣಿಯನ್ನು ಹೊತ್ತು ತಂದರು. ಅದನ್ನು ನೋಡಿಯೂ ಬೆಂಚಿನಲ್ಲಿ ಕೂತಿರುವ ಜಾತಿಯವಳಲ್ಲ ಸ್ಪ್ಯಾನರ್. ತೋಳು ಮಡಿಸಿ ಹೋದಳು. ಬಾಗಿಲ ಸಂದಿಯಲ್ಲಿ ಯಾರೋ ಬೀಳಿಸಿದ್ದ ಮಾತ್ರೆಯ ಡಬ್ಬಿ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು, ಬಾಗಿಲನ್ನು ಹಳಿಗೆ ಕೂರಿಸಿ, ಕೈ ತೊಳೆದುಕೊಂಡು ಬರುವಷ್ಟರಲ್ಲಿ ಡಾಕ್ಟರು ನಲವತ್ತೇಳನ್ನು ಮೂರು ಸಲ ಕೂಗಿಸಿ, ಅರವತ್ತನ್ನೂ ಮುಗಿಸಿ, ಮನೆಗೆ ಹೋಗಿದ್ದರು. ಮುಂದಿನ ಟೋಕನ್ ಐದು ವಾರದ ನಂತರ.

ನರ್ಸಿಗೆ ಪಾಪ ಅನ್ನಿಸಿತು. "ಫೈಲಾದರೂ ಮಾಡಿಟ್ಟಿರ್ತೀನಿ" ಎಂದು ಹೊಸ ಫೈಲು ತೆಗೆದು, ಒಂಬತ್ತು ವರ್ಷ ದೂರಿನ ಪುಸ್ತಕದಲ್ಲಿ ಬರೆದು ಬರೆದು ಕೈಗೆ ರೂಢಿಯಾದಂತೆ, ಹೆಸರಿನ ಜಾಗದಲ್ಲಿ 'ಲಿಫ್ಟ್ – ಸ್ಪ್ಯಾನರ್' ಎಂದು ದಪ್ಪಕ್ಷರದಲ್ಲಿ ಬರೆದಳು. ಸ್ಪ್ಯಾನರ್ ಕಣ್ಣಾರೆ ನೋಡಿದಳು. ತಿದ್ದಿಸಬಹುದಿತ್ತು. ಆದರೆ ತಿದ್ದಿಸಬೇಕೆಂದರೆ ಗುರುತಿನ ಚೀಟಿ ತೋರಿಸಿ, ಅದರಲ್ಲಿದ್ದ ಗಂಡು ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಆ ಹೆಸರು ನಾಲಿಗೆಗೆ ಬಂದರೆ ಅವಳಿಗೆ ಬೇವು ಜಗಿದಂತಾಗುತ್ತಿತ್ತು. ಇರಲಿ ಬಿಡು ಎಂದು ಸುಮ್ಮನಾದಳು.

ಐದು ವಾರದ ಮೇಲೆ ಒಳಗೆ ಹೋದಳು. ಮನೋವೈದ್ಯರು ಸಣ್ಣ ಕನ್ನಡಕದ, ದೊಡ್ಡ ಆಯಾಸದ ಮನುಷ್ಯ. ದಿನಕ್ಕೆ ತೊಂಬತ್ತು ಜನರನ್ನು ನೋಡುತ್ತಿದ್ದರು. (ಒಂಬತ್ತು ಸಾವಿರ ಎಂದು ಬರೆಯುವವನಿದ್ದೆ, ತೊಂಬತ್ತೇ ಸಾಕಷ್ಟಾಯಿತು.) ಒಮ್ಮೆ ಆರು ನಿಮಿಷ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದ ಅವರಿಗೆ ಅಂದಿನಿಂದ ಅದೊಂದೇ ಧ್ಯಾನ.

"ಬಾ ಬಾ. ಒಂದನೇ ಲಿಫ್ಟು ಮೂರರ ಹತ್ರ ಬಂದಾಗ ಕುಂಟುತ್ತಲ್ಲ, ಯಾಕೆ?"

"ಬ್ರೇಕ್ ಪಟ್ಟಿ ಸವೆದಿದೆ ಸಾರ್. ಹೊಸದಕ್ಕೆ ಬರೆದಿದ್ದೀವಿ. ಸಾರ್, ನಾನು ಬಂದಿದ್ದು..."

"ಬೀಳಲ್ಲ ತಾನೇ?"

"ಬೀಳಲ್ಲ ಸಾರ್."

"ಅಕಸ್ಮಾತ್ ಬಿದ್ರೆ?"

ಹೀಗೆ ಒಬ್ಬ ರೋಗಿಗೆ ಇದ್ದ ಹತ್ತು ನಿಮಿಷದಲ್ಲಿ ಎಂಟು ನಿಮಿಷ ಸ್ಪ್ಯಾನರ್ ಮನೋವೈದ್ಯರಿಗೇ ಧೈರ್ಯ ಹೇಳಿದಳು. ಉಳಿದ ಎರಡು ನಿಮಿಷದಲ್ಲಿ ತನ್ನ ಮೂವತ್ತೊಂದು ವರ್ಷವನ್ನು ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡರು.

"ಚಿಕ್ಕವನಿದ್ದಾಗ ಗೊಂಬೆ ಆಡ್ತಿದ್ಯಾ?"

"ಇಲ್ಲ ಸಾರ್. ಗಡಿಯಾರ ಬಿಚ್ಚಿ ಜೋಡಿಸ್ತಿದ್ದೆ."

"ಅಡುಗೆ ಆಟ?"

"ಇಲ್ಲ ಸಾರ್. ನಮ್ಮಕ್ಕಾನೂ ಆಡ್ತಿರಲಿಲ್ಲ. ಅವಳು ಮರ ಹತ್ತೋಳು."

"ಮತ್ತೆ ನೀನು ಮಾಡೋ ಕೆಲಸ ನೋಡಿದ್ರೆ ಮೈಯೆಲ್ಲ ಗ್ರೀಸು. ಹೆಂಗಸು ಅಂತೀಯ. ಇದು ಹೊಂದಲ್ವಲ್ಲ?"

"ತಿರುಪು ಹಾಕಿದ್ದು ಗಂಡಸೋ ಹೆಂಗಸೋ ಲಿಫ್ಟಿಗೆ ಗೊತ್ತಾಗಲ್ಲ ಸಾರ್. ಅದು ಬಿಗಿಯಾಗಿದ್ಯಾ ಅಂತ ಮಾತ್ರ ನೋಡುತ್ತೆ."

ಡಾಕ್ಟರಿಗೆ ನಗು ಬಂತು. ಆದರೆ ಬರೆದದ್ದು ಬೇರೆ: 'ಖಚಿತವಿಲ್ಲ. ಮನೆಯವರನ್ನು ಕರೆತರಬೇಕು.' ನಾಲ್ಕೈದು ವಾರಗಳ ನಂತರದ ತಾರೀಕು. ಹೊರಡುವಾಗ ಸ್ಪ್ಯಾನರ್ ಮೂರನೇ ಲಿಫ್ಟಿನ ರಿಪೇರಿ ಮುಗಿಯಿತೆಂದು ಸಹಿ ಹಾಕಿಸುವ ಜಾಬ್ ಕಾರ್ಡನ್ನು ಮುಂದೆ ಹಿಡಿದಳು. ಡಾಕ್ಟರು ಓದದೆಯೇ ಸರಕ್ಕನೆ ಸಹಿ ಹಾಕಿಕೊಟ್ಟರು. ಒಂಬತ್ತು ವರ್ಷದಿಂದ ಅವಳು ಹಿಡಿದ ಕಾಗದಕ್ಕೆಲ್ಲ ಆ ಆಸ್ಪತ್ರೆಯಲ್ಲಿ ಯಾರು ಬೇಕಾದರೂ ಸಹಿ ಹಾಕುತ್ತಿದ್ದರು. ಬೇಕಾದ ಒಂದಕ್ಕೆ ಬಿಟ್ಟು.

ಮನೆಯವರು ಅಂದರೆ ಅಕ್ಕ ಒಬ್ಬಳೇ. ಶಾಲೆಯ ಬಸ್ಸು ಓಡಿಸುತ್ತಾಳೆ. ಅವಳ ಗಂಟಲು ಎಂಥದ್ದೆಂದರೆ ಹಾರ್ನ್ ಕೆಟ್ಟು ಎರಡು ವರ್ಷವಾದರೂ ಶಾಲೆಯವರಿಗೆ ಗೊತ್ತಾಗಿರಲಿಲ್ಲ. ಸ್ಪ್ಯಾನರ್ ಅಕ್ಕನಿಗೆ ಎಲ್ಲ ಹೇಳಿದ್ದು ಮೂರು ವರ್ಷದ ಹಿಂದೆ, ಬಸ್ಸು ತೊಳೆಯುವಾಗ. ಅಕ್ಕ ಪೈಪು ಹಿಡಿದುಕೊಂಡು ಒಂದೇ ಕಿಟಕಿಗೆ ಕಾಲು ಗಂಟೆ ನೀರು ಬಿಟ್ಟಿದ್ದಳು. ಆಮೇಲೆ ಅಂದಳು, "ನಂಗೆ ಅರ್ಥ ಆಗ್ಲಿಲ್ಲ ಅನ್ನೋದು ಬೇರೆ ಕಣೋ, ನೀನು ಸುಳ್ಳು ಹೇಳ್ತಿದ್ದೀಯ ಅನ್ನೋದು ಬೇರೆ. ಅರ್ಥ ಆಗ್ಲಿಲ್ಲ. ಅಷ್ಟೇ."

ಡಾಕ್ಟರು ಕೊಟ್ಟ ತಾರೀಕಿಗೆ ಅಕ್ಕ ಬಸ್ಸನ್ನು ಆಸ್ಪತ್ರೆಯ ಮುಂದೆಯೇ ನಿಲ್ಲಿಸಿ, ಕೀಲಿ ತಿರುಗಿಸುತ್ತ ಒಳಗೆ ಬಂದಳು.

"ಇವರು ನಿಮಗೆ ಏನಾಗ್ಬೇಕು?" ಎಂದರು ಡಾಕ್ಟರು.

"ತಮ್ಮ," ಎಂದಳು ಅಕ್ಕ. ನಾಲಿಗೆ ಕಚ್ಚಿಕೊಂಡಳು. "ತಂಗಿ. ತಡೀರಿ, ಮೂವತ್ತು ವರ್ಷದ ಗೇರು, ಒಂದೇ ಸಲಕ್ಕೆ ಬೀಳಲ್ಲ. ತಂಗಿ ಅಂತ ಬರ್ಕೊಳ್ಳಿ."

"ಚಿಕ್ಕಂದಿನಲ್ಲಿ ಏನಾದರೂ ಗಮನಿಸಿದ್ರಾ?"

"ಕನ್ನಡಿ ನೋಡ್ತಿರಲಿಲ್ಲ. ತಲೆ ಬಾಚೋಕೂ ಗೋಡೆ ಕಡೆ ತಿರುಗ್ತಿತ್ತು. ನಾನು ಸೋಮಾರಿ ಅಂತ ಬೈತಿದ್ದೆ."

"ಅಂದ್ರೆ ಖಿನ್ನತೆ ಇತ್ತು."

"ನನ್ನ ಬೈಗುಳ ಕೇಳಿದ ಯಾರಿಗಾದ್ರೂ ಇರುತ್ತೆ ಡಾಕ್ಟ್ರೇ. ಇದು ಅದಲ್ಲ."

"ನೀವು ಡಾಕ್ಟರಾ?"

"ನಾನು ಡ್ರೈವರ್. ದಿನಾ ಐವತ್ತು ಮಕ್ಕಳನ್ನ ಕನ್ನಡೀಲಿ ನೋಡ್ತೀನಿ. ಯಾವ ಮಗು ಹೊಟ್ಟೆನೋವು ಅಂತ ನಾಟಕ ಆಡುತ್ತೆ, ಯಾವುದಕ್ಕೆ ನಿಜವಾಗಿ ನೋವು ಅಂತ ನಂಗೆ ಹಿಂದೆ ತಿರುಗದೇನೇ ಗೊತ್ತಾಗುತ್ತೆ. ನಿಮಗೆ ಎದುರಿಗೆ ಕೂತ್ರೂ ಗೊತ್ತಾಗ್ತಿಲ್ವಲ್ಲ."

ಸ್ಪ್ಯಾನರ್ ಮೇಜಿನ ಕೆಳಗಿಂದ ಅಕ್ಕನ ಕಾಲು ತುಳಿದಳು. ಅಕ್ಕ ಅದನ್ನು ಕ್ಲಚ್ಚು ಎಂದುಕೊಂಡವಳಂತೆ ಇನ್ನಷ್ಟು ಜೋರು ಮಾಡಿದಳು. ಕೊನೆಗೆ ಡಾಕ್ಟರು ಕೈಯೆತ್ತಿ, "ಆಯ್ತಮ್ಮ. ಒಂದು ಪರೀಕ್ಷೆ ಮಾಡಿಸಿ. ಅದು ಬಂದ್ರೆ ಕಾಗದ ಬರೆದು ಫೈಲಲ್ಲೇ ಇಟ್ಟಿರ್ತೀನಿ" ಎಂದರು.

ಪರೀಕ್ಷೆಗೆ ಸರದಿ ಬರಲು ನಾಲ್ಕು ತಿಂಗಳು. ಪರೀಕ್ಷೆ ಎಂದರೆ ಆರುನೂರು ಪ್ರಶ್ನೆ. ಹೌದು, ಇಲ್ಲ ಎಂದು ಗುರುತು ಹಾಕಬೇಕು. ಕಿಟಕಿಯಿಲ್ಲದ ಕೋಣೆ, ಮೊಂಡು ಪೆನ್ಸಿಲ್ಲು. 'ಎತ್ತರದಿಂದ ಬೀಳುವ ಯೋಚನೆ ಆಗಾಗ ಬರುತ್ತದೆಯೇ?' ಸ್ಪ್ಯಾನರ್ ಹೌದು ಎಂದು ಗುರುತು ಹಾಕಿದಳು. ಏಳು ಮಹಡಿಯ ಗುಂಡಿಯ ಮೇಲೆ ನೇತಾಡಿ ಕೆಲಸ ಮಾಡುವವರು ಆ ಯೋಚನೆ ಇಲ್ಲದೆ ಬೆಲ್ಟು ಕಟ್ಟುವುದು ಹೇಗೆ? 'ಯಾರೋ ಬೆನ್ನ ಹಿಂದೆ ನಿಂತು ನಿಮ್ಮನ್ನು ಗಮನಿಸುತ್ತಿದ್ದಾರೆಂದು ಅನ್ನಿಸುತ್ತದೆಯೇ?' ಹೌದು. ಲಿಫ್ಟು ಬಿಚ್ಚಿದರೆ ಸಾಕು, ಯಾವಾಗ ಆಗುತ್ತೆ, ಯಾವಾಗ ಆಗುತ್ತೆ ಎಂದು ಹಿಂದೆ ಹನ್ನೆರಡು ಜನ ನಿಂತಿರುತ್ತಾರೆ. 'ಯಂತ್ರಗಳು ನಿಮ್ಮೊಡನೆ ಮಾತಾಡುತ್ತವೆಯೇ?' ಮೋಟಾರಿನ ಸದ್ದಿನಲ್ಲೇ ಅದರ ಕಾಯಿಲೆ ಹೇಳುವವಳು ಅವಳು. ಹೌದು.

ಫಲಿತಾಂಶದಲ್ಲಿ ಕೆಂಪು ಗೆರೆಗಳು ಹುಲ್ಲಿನಂತೆ ಎದ್ದಿದ್ದವು. ಪರೀಕ್ಷೆ ಮಾಡಿದ ಹುಡುಗಿ ಬೆಚ್ಚಿ, ಮೇಜಿನ ಕತ್ತರಿಯನ್ನು ಮೆಲ್ಲಗೆ ಒಳಗಿಟ್ಟಳು. ಸ್ಪ್ಯಾನರ್ ಒಂದೊಂದನ್ನೂ ಬಿಡಿಸಿ ಹೇಳಿ, ಮತ್ತೊಮ್ಮೆ ಪರೀಕ್ಷೆ ಬರೆದು, ಈ ಸಲ ತಾನು ಲಿಫ್ಟ್ ಮೆಕ್ಯಾನಿಕ್ ಅಲ್ಲವೇ ಅಲ್ಲ ಎಂಬಂತೆ ಉತ್ತರಿಸಿ ಪಾಸಾದಳು. ಅದಕ್ಕೆ ಇನ್ನೊಂದು ತಿಂಗಳು ಹೋಯಿತು.

ಕಾಗದ ಸಿಗುವ ದಿನ ಬಂತು. ಅವಳು ಹಾರ್ಮೋನ್ ಡಾಕ್ಟರಿಗೆ ಬೇಕಾದ ರಕ್ತ ಪರೀಕ್ಷೆಯನ್ನೂ ಮಾಡಿಸಿ, ವರದಿಯನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದಳು. ಎರಡು ತಿಂಗಳಲ್ಲಿ ಆ ವರದಿ ಹಳೆಯದಾಗುತ್ತದೆ ಎಂದಿದ್ದರು.

"ಫೈಲಿಲ್ಲ," ಎಂದ ರೆಕಾರ್ಡ್ ರೂಮಿನ ಗುಮಾಸ್ತ.

"ಕಾಗದ ಅದರಲ್ಲೇ ಇದೆ ಅಂದ್ರು."

"ಇರಬಹುದಪ್ಪ. ಫೈಲೇ ಇಲ್ವಲ್ಲ."

"ಎಲ್ಲಿ ಹೋಯ್ತು?"

"ಇಲ್ಲಿಲ್ಲ. ಅಂದ್ಮೇಲೆ ಬೇರೆ ಎಲ್ಲೋ ಇದೆ."

ಈ ಜ್ಞಾನದ ಮಾತಿಗೆ ಏನು ಹೇಳುವುದು? ಡಾಕ್ಟರ ಹತ್ತಿರ ಓಡಿದಳು. ಅವರು ಪಾಪ, ನೆನಪಿಸಿಕೊಳ್ಳಲು ನೋಡಿದರು. ದಿನಕ್ಕೆ ತೊಂಬತ್ತು ಜನ, ಅದರ ಮೇಲೆ ಎಂಟು ತಿಂಗಳು. "ಬರೆದಿದ್ದೆ ಅನ್ಸುತ್ತೆ. ಆದರೆ ಫೈಲಿಲ್ಲದೆ ಇನ್ನೊಂದು ಬರೆಯೋಕೆ ಆಗಲ್ಲಪ್ಪ. ಪರೀಕ್ಷೆ ವರದೀನೂ ಅದರಲ್ಲೇ ಇತ್ತು. ಒಂದು ಕೆಲಸ ಮಾಡು, ಹೊಸದಾಗಿ ಶುರು ಮಾಡೋಣ. ಟೋಕನ್ ತಗೋ."

ಆಮೇಲಿನ ದಿನಗಳನ್ನು ಉಬ್ಬಿಸಿ ಹೇಳಲು ನನಗೆ ಬಾಯಿ ಬರುತ್ತಿಲ್ಲ. ಅವಳು ದಿನಾ ಮಧ್ಯಾಹ್ನ ರೆಕಾರ್ಡ್ ರೂಮಿನ ಕಿಟಕಿಗೆ ಹೋಗುತ್ತಿದ್ದಳು. ಗುಮಾಸ್ತ ತಲೆಯಾಡಿಸುತ್ತಿದ್ದ. ಕೆಲವು ದಿನ ಅವಳು ಕೇಳುವ ಮೊದಲೇ ಆಡಿಸುತ್ತಿದ್ದ. ಅವಳು ಬೆಳಿಗ್ಗೆ ಗಡ್ಡ ಕೆರೆಯುತ್ತಿದ್ದುದು ಕಣ್ಣು ಮುಚ್ಚಿಕೊಂಡು. ಕತ್ತಿನಲ್ಲಿ ಯಾವಾಗಲೂ ಒಂದೆರಡು ಗಾಯ. ಲಿಫ್ಟಿನೊಳಗೆ ಕೆಲಸ ಮಾಡುವಾಗ ಹಿಂಬದಿಯ ಕನ್ನಡಿಗೆ ಗೋಣಿ ಬಟ್ಟೆ ಕಟ್ಟುತ್ತಿದ್ದಳು. ಯಾಕೋ ಎಂದರೆ ದೂಳು ಕೂರುತ್ತೆ ಎನ್ನುತ್ತಿದ್ದಳು. ಒಂದು ದಿನ ಬಟ್ಟೆ ಜಾರಿ ಬಿತ್ತು. ನಾಲ್ಕು ಕಡೆಯೂ ಮುಚ್ಚಿದ ಆ ಪೆಟ್ಟಿಗೆಯಲ್ಲಿ ಅವಳು, ಎದುರಿಗೆ ಅವಳದಲ್ಲದ ಒಂದು ಮುಖ. ಕೈಯಲ್ಲಿದ್ದ ಉಪಕರಣ ಎತ್ತಿದಳು. ಹೊಡೆಯಲಿಲ್ಲ. ಕನ್ನಡಿ ಒಡೆದರೆ ಅದಕ್ಕೂ ಜಾಬ್ ಕಾರ್ಡ್ ಬರೆದು ಸಹಿ ಹಾಕಿಸಬೇಕಲ್ಲ ಎಂದು ನೆನಪಾಗಿ, ಲಿಫ್ಟಿನ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತು ನಕ್ಕಳು. ಆ ನಗು ನಿಲ್ಲಲು ಬಹಳ ಹೊತ್ತಾಯಿತು. ಹೊರಗೆ ಯಾರೋ ಬಾಗಿಲು ಬಡಿದು, "ಆಯ್ತೇನಪ್ಪಾ?" ಎಂದರು. "ಇನ್ನೂ ಇಲ್ಲ," ಎಂದಳು.

ರಕ್ತದ ವರದಿ ಹಳೆಯದಾಗುತ್ತ ಬಂತು. ಅಕ್ಕ, "ಆ ರೂಮಿಗೆ ಬಸ್ಸು ನುಗ್ಗಿಸ್ತೀನಿ, ಹೇಳು" ಎಂದಳು. ಸ್ಪ್ಯಾನರ್ ಬೇಡ ಎಂದಳು. ಆದರೆ ಆ ಗೋಡೆ ಎಷ್ಟು ದಪ್ಪವಿದೆ ಎಂದು ಮಾರನೇ ದಿನ ತಟ್ಟಿ ನೋಡಿದ್ದುಂಟು.

ಇಂಥ ಹೊತ್ತಿನಲ್ಲಿ ಎದ್ದು ನಿಂತವನು ಯಾರು? ಗುರು! ಶಿಷ್ಯೆಯ ಕಣ್ಣೀರು ನೋಡಿ ಅವನ ರಕ್ತ ಕುದಿಯಿತು. ಸಿಂಹದಂತೆ ರೆಕಾರ್ಡ್ ರೂಮಿಗೆ ನುಗ್ಗಿದ. ಹನ್ನೆರಡು ಲಕ್ಷ ಫೈಲುಗಳನ್ನು ಒಂದೇ ಮಧ್ಯಾಹ್ನ, ಎಡಗೈಯಲ್ಲಿ, ತಡಕಿದ. ದೂಳಿನಲ್ಲಿ ಮೂರು ಸಲ ಮೂರ್ಛೆ ಹೋದ, ನಾಲ್ಕು ಸಲ ಎದ್ದ. ಕೊನೆಗೆ ಕಪಾಟಿನ ಹಿಂದೆ, ಇಲಿಯೊಂದು ಮರಿಗಳಿಗೆ ಹಾಸಿಗೆ ಮಾಡಿಕೊಂಡಿದ್ದ ಆ ಫೈಲನ್ನು ಕಂಡು, ಇಲಿಯೊಂದಿಗೆ ಮಾತುಕತೆ ನಡೆಸಿ ಬಿಡಿಸಿಕೊಂಡು ಬಂದ.

ಆದರೆ ಅಯ್ಯೋ, ಒಳಗಿದ್ದ ಕಾಗದಕ್ಕೆ ಡಾಕ್ಟರ ಸಹಿಯೇ ಇರಲಿಲ್ಲ. ಡಾಕ್ಟರು ಎಲ್ಲಿ? ಒಂದನೇ ಲಿಫ್ಟಿನಲ್ಲಿ, ಮೂರಕ್ಕೂ ನಾಲ್ಕಕ್ಕೂ ನಡುವೆ. ಲಿಫ್ಟು ನಿಂತಿದೆ. ನಿಲ್ಲಿಸಿದವಳು ಸ್ಪ್ಯಾನರ್. ಮೇಲಿನ ಕಿಂಡಿ ತೆರೆದು, ದೀಪ ಬಿಟ್ಟು, ಕಾಗದ ಇಳಿಬಿಟ್ಟಳು.

"ಕಾಪಾಡಪ್ಪಾ!" ಎಂದರು ಡಾಕ್ಟರು.

"ಯಾರಪ್ಪ?"

"ಕಾಪಾಡಮ್ಮಾ!"

"ಈಗ ಖಚಿತವಾಯ್ತಾ ಸಾರ್?"

"ನೂರಕ್ಕೆ ಸಾವಿರ ಖಚಿತ ತಾಯಿ!"

ಸಹಿ ಬಿತ್ತು. ಲಿಫ್ಟು ಏರಿತು. ಹಾರ್ಮೋನ್ ಡಾಕ್ಟರು ಔಷಧಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ಏಳು ಮಹಡಿಯ ರೋಗಿಗಳೂ ಹಾಸಿಗೆಯಿಂದೆದ್ದು ಚಪ್ಪಾಳೆ ತಟ್ಟಿ, ಅರ್ಧಕ್ಕರ್ಧ ಜನ ಅಲ್ಲೇ ಗುಣವಾಗಿ ಮನೆಗೆ ಹೋದರು.

ಇಷ್ಟನ್ನು ಬರೆದು ಮುಗಿಸಿ, ಮೀಸೆ ತಿರುವಿಕೊಂಡು, ನೆಲಮಾಳಿಗೆಯ ಕೋಣೆಯಲ್ಲಿ ಸ್ಪ್ಯಾನರ್ ಕೈಗೆ ಕೊಟ್ಟೆ. ಅವಳು ಊಟದ ಡಬ್ಬಿ ಪಕ್ಕಕ್ಕಿಟ್ಟು ಒಂದಕ್ಷರ ಬಿಡದೆ ಓದಿದಳು. ಅಕ್ಕನ ಕ್ಲಚ್ಚಿಗೆ ನಕ್ಕಳು. ಗೋಣಿ ಬಟ್ಟೆಯ ಮಾತು ಬಂದಾಗ ಹಾಳೆಯನ್ನು ಕಣ್ಣಿನ ಹತ್ತಿರಕ್ಕೆ ತಂದಳು. ಕೊನೆಯ ಹಾಳೆಯನ್ನು ಮಾತ್ರ ಎರಡು ಸಲ ಓದಿದಳು.

"ಡಾಕ್ಟರ್‌ನ ನಾನು ಯಾವಾಗ ಸಿಕ್ಕಿಸಿದೆ, ಗುರುಗಳೇ?"

"ಕತೆ ಅಂದ್ಮೇಲೆ ಸ್ವಲ್ಪ ಉಪ್ಪು ಖಾರ ಬೇಡ್ವಾ?"

"ಜನ ಇದನ್ನ ನಿಜ ಅಂತ ಓದಿದ್ರೆ, ನನ್ನಂಥೋರನ್ನ ನೋಡಿ ಇವರೆಲ್ಲ ಹೆದರಿಸಿ ಕಾಗದ ಬರೆಸ್ಕೊಳ್ಳೋರು ಅಂತಾರೆ. ನನ್ನ ಕಾಗದದಲ್ಲಿ ಸಹಿ ಮೊದಲೇ ಇತ್ತು. ನ್ಯಾಯವಾಗೇ ಬರೆದಿದ್ರು."

"ಸರಿ, ಅದನ್ನ ಹೊಡೆದುಹಾಕ್ತೀನಿ."

"ಇಲೀನೂ?"

ನಾನು ಗ್ರೀಸಿನ ಡಬ್ಬದ ಮುಚ್ಚಳ ಬಿಗಿ ಮಾಡಿದೆ. ಅದು ಬಿಗಿಯಾಗೇ ಇತ್ತು.

"ಫೈಲು ಎಲ್ಲಿತ್ತು, ಗುರುಗಳೇ?"

ಹೇಳಿದೆ. ಹೇಳದೆ ಬೇರೆ ದಾರಿ ಇರಲಿಲ್ಲ. ಅವಳು ಕೇಳಿದ ರೀತಿ ಹಾಗಿತ್ತು. ಫೈಲಿನ ಮೇಲೆ 'ಲಿಫ್ಟ್ – ಸ್ಪ್ಯಾನರ್' ಎಂದಿತ್ತಲ್ಲ, ಅದನ್ನು ನೋಡಿ ಗುಮಾಸ್ತ ಲಿಫ್ಟಿನ ಕಾಗದಗಳ ಕಟ್ಟಿಗೆ ಸೇರಿಸಿ ಕಟ್ಟಿದ್ದ. ತಿಂಗಳಿಗೊಮ್ಮೆ ಆ ಕಟ್ಟು ನನ್ನ ಕೈಗೆ ಬರುತ್ತದೆ. ಬಂತು. ಮೇಲೆ ಅವಳ ಹೆಸರು ಕಂಡು ಬಿಚ್ಚಿದೆ. ಓದಿದೆ. ಪೂರ್ತಿ ಓದಿದೆ. ಮುಚ್ಚಿ ಉಪಕರಣದ ಚೀಲದ ತಳದಲ್ಲಿಟ್ಟು ಮೇಲೆ ಒರೆಸುವ ಬಟ್ಟೆ ಹಾಕಿದೆ.

ಅವಳು ದಿನಾ ಮಧ್ಯಾಹ್ನ ಮೇಲೆ ಹೋಗಿ ಬರುವುದನ್ನು ಈ ಕುರ್ಚಿಯಲ್ಲೇ ಕೂತು ನೋಡಿದೆ. ಕತ್ತಿನ ಗಾಯ ಕಂಡಿತ್ತು. ಆ ದಿನ ಲಿಫ್ಟಿನ ಬಾಗಿಲು ಬಡಿದು ಆಯ್ತೇನಪ್ಪಾ ಎಂದು ಕೇಳಿದವನೂ ನಾನೇ.

"ಯಾಕೆ?" ಎಂದಳು.

ದೊಡ್ಡ ಕಾರಣವೊಂದನ್ನು ಹುಡುಕಿದೆ. ಸಿಗಲಿಲ್ಲ. "ನನ್ನ ಹುಡುಗ, ನನ್ನ ಹುಡುಗ ಅಂತ ಒಂಬತ್ತು ವರ್ಷ ಎಲ್ಲರ ಹತ್ರ ಹೇಳಿಕೊಂಡು ತಿರುಗಿದ್ದೆ. ಆ ಕಾಗದ ಯಾರಿಗೂ ಸಿಗದಿದ್ರೆ ವಿಷಯಾನೂ ತಾನಾಗೇ ಇಲ್ಲದಂಗಾಗುತ್ತೆ ಅನ್ಕೊಂಡೆ. ಆಮೇಲೆ ಕೊಡೋಣ ಅಂದ್ರೆ, ಇಷ್ಟು ದಿನ ಯಾಕಿಟ್ಟುಕೊಂಡಿದ್ದೆ ಅಂತ ಕೇಳ್ತೀಯಲ್ಲ. ಅದಕ್ಕೆ ಹೆದರಿ ಇನ್ನಷ್ಟು ದಿನ ಇಟ್ಕೊಂಡೆ."

"ಆಮೇಲೆ?"

"ಗುಮಾಸ್ತ ಊಟಕ್ಕೆ ಹೋದಾಗ ಅವನ ಮೇಜಿನ ಮೇಲಿಟ್ಟು ಓಡಿಬಂದೆ."

ಸಿಂಹವೂ ಇಲ್ಲ, ಮೂರ್ಛೆಯೂ ಇಲ್ಲ. ನನ್ನ ಎತ್ತರ ಐದಡಿ ಮೂರಂಗುಲ. ಫೈಲು ಸಿಕ್ಕ ಹೊತ್ತಿಗೆ ಅವಳ ರಕ್ತದ ವರದಿ ಹಳೆಯದಾಗಿತ್ತು, ಹಾರ್ಮೋನ್ ಡಾಕ್ಟರು ದೀರ್ಘ ರಜೆಯಲ್ಲಿದ್ದರು. ಮತ್ತೆ ಸೂಜಿ, ಮತ್ತೆ ಟೋಕನ್. ಔಷಧಿ ಶುರುವಾಗಿ ಈಗ ಐದು ತಿಂಗಳು. ಇವತ್ತಿಗೂ ಅವಳು ಲಿಫ್ಟಿನ ಕನ್ನಡಿಗೆ ಬಟ್ಟೆ ಕಟ್ಟುತ್ತಾಳೆ. ಮೊದಲಿನಷ್ಟು ಬಿಗಿಯಾಗಿ ಅಲ್ಲ, ಅಷ್ಟೇ.

"ಗೊತ್ತಿತ್ತು," ಎಂದಳು ಸ್ಪ್ಯಾನರ್. "ಕಟ್ಟು ತಗೊಂಡಿದ್ದಕ್ಕೆ ನೀವು ಸಹಿ ಹಾಕಿದ್ರಲ್ಲ, ಆ ಪುಸ್ತಕಾನ ಗುಮಾಸ್ತ ಫೈಲು ಸಿಕ್ಕಿದ ದಿನಾನೇ ತೋರಿಸಿದ. ನೀವೇ ಹೇಳ್ತೀರೇನೋ ಅಂತ ಕಾಯ್ತಿದ್ದೆ. ನೀವು ನೋಡಿದ್ರೆ ಇಲಿ ಕತೆ ಬರೆದಿದ್ದೀರಿ."

ಏನಾದರೂ ಹೇಳಬೇಕಲ್ಲ ಎಂದು, "ಅರವತ್ತು ದಿನ ಇಟ್ಕೊಂಡಿದ್ದೆ. ತಪ್ಪಾಯ್ತು" ಎಂದೆ.

"ಎಪ್ಪತ್ತಾರು."

ಅವಳು ಡಬ್ಬಿ ಮುಚ್ಚಿ, ಬೆಲ್ಟು ಹೆಗಲಿಗೆ ಹಾಕಿಕೊಂಡು, ನನ್ನ ಉತ್ತರಕ್ಕೆ ಬಾಗಿಲಲ್ಲಿ ನಿಂತಳು.

ಹೌದು, ಎಪ್ಪತ್ತಾರು. ಹುಟ್ಟಿದಾಗಿನಿಂದ ನಾನು ಕಡಿಮೆ ಮಾಡಿ ಹೇಳಿದ್ದು ಅದೊಂದನ್ನೇ.